ರಾಯರ ಕಂಪ್ಯೂಟರಿನ ಮಡಿ

“ಒಂದು ಪುಟ ಮುದ್ರಿಸಿಕೊಂಡು ಹೋಗೋಣವೆಂದು ಬಂದವನು ನಾನು,” ಎಂದರು ಮೇಷ್ಟರು, ಖಾಲಿಯಾದ ಎರಡನೆಯ ಲೋಟವನ್ನು ಕೆಳಗಿಡುತ್ತ. “ನಿಮ್ಮ ಕಂಪ್ಯೂಟರು ಇನ್ನೂ ಬಚ್ಚಲುಮನೆಯಿಂದ ಹೊರಗೆ ಬಂದಿಲ್ಲವಲ್ಲ, ರಾಯರೇ?”

“ಸ್ವಲ್ಪ ತಾಳಿ,” ಎಂದರು ರಂಗರಾಯರು, ಪರದೆಯ ಮೇಲೆ ತೆವಳುತ್ತಿದ್ದ ಹಸಿರು ಪಟ್ಟಿಯಿಂದ ಕಣ್ಣು ಕೀಳದೆ. “ಕಂಪ್ಯೂಟರು ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯ ಶುದ್ಧಿ ನಡೆಯುತ್ತಿದೆ, 1,342 ದೋಷಗಳು ಸಿಕ್ಕಿವೆ. ಇದಾದ ಮೇಲೆ ಕಸ ಗುಡಿಸುವ ತಂತ್ರಾಂಶವೊಂದಿದೆ, ಅದರ ನಂತರ ಡಿಸ್ಕನ್ನು ಒಪ್ಪವಾಗಿ ಜೋಡಿಸುವುದೊಂದಿದೆ, ಕೊನೆಯಲ್ಲಿ ಮೆಮೊರಿಯನ್ನು ಖಾಲಿ ಮಾಡುವುದೊಂದಿದೆ. ಯಾವುದಕ್ಕೂ ಒಂದು ಕಾಸು ಕೊಟ್ಟಿಲ್ಲ.”

“ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ,” ಎಂದು ಸುಬ್ಬಣ್ಣ ಗಾದೆಯನ್ನು ಮೆಚ್ಚುಗೆಯಿಂದಲೇ ಹೇಳಿದ.

“ನೆನಪನ್ನು ಖಾಲಿ ಮಾಡುವುದಕ್ಕೂ ತಂತ್ರಾಂಶ ಬೇಕೇ? ನಮ್ಮ ವಯಸ್ಸೇ ಸಾಲದೇ?” ಎಂದರು ಮೇಷ್ಟರು. “ಇರಲಿ, ನಿನ್ನೆಯೂ ಶುದ್ಧಿ ಮಾಡಿದ್ದಿರಲ್ಲವೇ?”

“ಮಾಡಿದ್ದೆ. ನಿನ್ನೆ 1,298 ದೋಷಗಳಿದ್ದವು.”

“ಹಾಗಾದರೆ ತೊಳೆದಷ್ಟೂ ಮೈಲಿಗೆ ಹೆಚ್ಚುತ್ತಿದೆ ಎಂದಾಯಿತು. ನಮ್ಮ ಸೋದರತ್ತೆಯದೂ ಇದೇ ಕಥೆ. ಬೆಳಗಿನ ಜಾವಕ್ಕೆ ಮಿಂದು, ಒದ್ದೆ ಸೀರೆಯುಟ್ಟು ಅಡುಗೆಮನೆಗೆ ಹೊರಟರೆ, ನಡುಮನೆಯಲ್ಲಿ ಯಾವನೋ ಮೊಮ್ಮಗ ಸೆರಗು ಮುಟ್ಟಿಬಿಡುತ್ತಿದ್ದ. ಮತ್ತೆ ಬಾವಿಕಟ್ಟೆ, ಮತ್ತೆ ನಾಲ್ಕು ಕೊಡ ನೀರು. ಅಷ್ಟರಲ್ಲಿ ಒಣಹಾಕಿದ ಸೀರೆಯ ಮೇಲೆ ಕಾಗೆ ಕೂರುತ್ತಿತ್ತು. ಆಕೆಯ ಮಡಿಗೆ ಊರಿನಲ್ಲಿ ಸಾಟಿ ಇರಲಿಲ್ಲ ನಿಜ, ಆದರೆ ಆ ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ನೆನಪು ನಮಗೆ ಯಾರಿಗೂ ಇಲ್ಲ. ಮಕ್ಕಳೆಲ್ಲ ಪಕ್ಕದ ಮನೆಯಲ್ಲಿ ಉಂಡು ಬರುತ್ತಿದ್ದೆವು. ಹೀಗೆ ಮಡಿ ಮಾಡಿ ಮಾಡಿಯೇ ನಿಮ್ಮ ಕಂಪ್ಯೂಟರು ಒಂದು ದಿನ ಮಡಿಯುತ್ತದೆ, ನೋಡಿ.”

ಇದುವರೆಗೆ ಮೊಬೈಲಿನಲ್ಲಿ ಮುಳುಗಿದ್ದ ಮೋಹನ ತಲೆಯೆತ್ತಿದ. “ಮೇಷ್ಟರು ಹೇಳುವುದು ಸರಿ, ಮಾವ. ರಿಜಿಸ್ಟ್ರಿಯಲ್ಲಿ ಲಕ್ಷಗಟ್ಟಲೆ ನಮೂದುಗಳಿರುತ್ತವೆ. ಅದರಲ್ಲಿ ಸಾವಿರವನ್ನು ಕಿತ್ತು ಹಾಕಿದರೆ ವೇಗವೇನೂ ಹೆಚ್ಚುವುದಿಲ್ಲ, ಬೇಕಾದ ಒಂದನ್ನು ಕಿತ್ತರೆ ಮಾತ್ರ ಕೆಲಸ ಕೆಡುತ್ತದೆ. ಇಂತಹ ತಂತ್ರಾಂಶಗಳಿಗೆ ತನ್ನ ಬೆಂಬಲವಿಲ್ಲವೆಂದು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟೇ ಹೇಳಿದೆ. ಕಸ ಗುಡಿಸುವ ಪೊರಕೆಯನ್ನು ವಿಂಡೋಸ್ 98ರ ಕಾಲದಿಂದಲೂ ಅವರೇ ಒಳಗಿಟ್ಟು ಕೊಡುತ್ತಿದ್ದಾರೆ. ಡಿಸ್ಕ್ ಜೋಡಿಸುವ ಕೆಲಸವಂತೂ ವಿಂಡೋಸ್ ವಿಸ್ಟಾ ಬಂದಂದಿನಿಂದ ನಾವು ಕೇಳದೆಯೇ ವಾರಕ್ಕೊಮ್ಮೆ ನಡೆಯುತ್ತದೆ. ಅಲ್ಲದೆ ಹೋದ ವರ್ಷ ನಿಮಗೆ ನಾನು ಹಾಕಿಸಿದ್ದು ಹೊಸ ಬಗೆಯ ಡಿಸ್ಕು, ಎಸ್‌ಎಸ್‌ಡಿ. ಹಳೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯಿತ್ತು, ಅದರ ಮೇಲೆ ಓಡಾಡುವ ಕೈಯಿತ್ತು, ಚೆದುರಿದ ಕಡತವನ್ನು ಒಂದೆಡೆ ಸೇರಿಸಿದರೆ ಆ ಕೈಗೆ ಓಡಾಟ ತಪ್ಪುತ್ತಿತ್ತು. ಇದರಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ. ಸುಮ್ಮನೆ ಮತ್ತೆ ಮತ್ತೆ ಬರೆದು ಅದನ್ನು ಸವೆಸುತ್ತಿದ್ದೀರಿ.”

“ಒಗೆದೂ ಒಗೆದೂ ಪಂಚೆ ಹರಿಯುವುದು ಹೀಗೆಯೇ,” ಎಂದರು ಮೇಷ್ಟರು.

ರಾಯರು ಸೋಲುವವರಲ್ಲ. “ನೀನು ದಿನವೂ ವಿಡಿಯೊ ನೋಡಲು ಬಳಸುವ ವಿಎಲ್‌ಸಿ ಪುಕ್ಕಟೆಯಲ್ಲವೇನೋ?”

“ಪುಕ್ಕಟೆಯೇ. ಆದರೆ ಅದು 1996ರಲ್ಲಿ ಪ್ಯಾರಿಸಿನ ಒಂದು ಕಾಲೇಜಿನ ವಿದ್ಯಾರ್ಥಿಗಳು ಕೈಹಾಕಿದ ಕೆಲಸ, 2001ರಿಂದ ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 1999ರಲ್ಲಿ ಈಗೊರ್ ಪಾವ್ಲೊವ್ ಹೊರತಂದ ಸೆವೆನ್-ಜಿಪ್ ಕೂಡ ಹಾಗೆಯೇ. ಕಡತಗಳನ್ನು ಮಡಿಸಿ ಕಟ್ಟಿಕೊಡುತ್ತದೆ, ಬೇರೇನನ್ನೂ ಕೇಳುವುದಿಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಫ್ರೀ’ ತಂತ್ರಾಂಶದ ಗ್ನೂ ಯೋಜನೆಯನ್ನು ಸಾರಿದಂದಿನಿಂದ ಇದೇ ತೊಡಕು. ‘ಫ್ರೀ’ ಎಂದರೆ ಬಿಟ್ಟಿಯೆಂದಲ್ಲ, ಸ್ವತಂತ್ರವೆಂದು ಅವರು ಇಂದಿಗೂ ಬಿಡಿಸಿ ಹೇಳಬೇಕಾಗಿದೆ.”

“ಅದು ಇಂಗ್ಲಿಷಿನ ಬಡತನ,” ಎಂದರು ಮೇಷ್ಟರು. “ನಮ್ಮಲ್ಲಿ ಸ್ವತಂತ್ರವೇ ಬೇರೆ, ಪುಕ್ಕಟೆಯೇ ಬೇರೆ, ದಾನವೇ ಬೇರೆ, ಗಂಟುಬೀಳುವುದೇ ಬೇರೆ. ರಾಯರಿಗೆ ಸಿಕ್ಕಿರುವುದು ನಾಲ್ಕನೆಯದು.”

“ಗಂಟುಬಿದ್ದದ್ದು ಯಾವುದು?”

“ನಿಮ್ಮ ಬ್ರೌಸರಿನ ನೆತ್ತಿಯ ಮೇಲೆ ಮೂರು ಪಟ್ಟಿಗಳು ಅಡ್ಡಗೆರೆ ವಿಭೂತಿಯಂತೆ ಕೂತಿವೆಯಲ್ಲ, ಅವನ್ನು ಯಾರು ಕರೆದರು? ತಂತ್ರಾಂಶವನ್ನು ಹಾಕಿಕೊಳ್ಳುವಾಗ ಅದು ಒಂದೊಂದು ಪುಟಕ್ಕೂ ಒಪ್ಪಿಗೆ ಕೇಳುತ್ತದೆ. ಚೌಕಗಳಲ್ಲಿ ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ನೀವೋ, ಪುರೋಹಿತರ ಸಂಕಲ್ಪಕ್ಕೆ ಅರ್ಥ ತಿಳಿಯದೆ ‘ಮಮ’ ಎನ್ನುವ ಯಜಮಾನರಂತೆ ‘ನೆಕ್ಸ್ಟ್’ ಒತ್ತುತ್ತ ಹೋಗುತ್ತೀರಿ. ಒಬ್ಬನನ್ನು ಊಟಕ್ಕೆ ಕರೆದರೆ ಅವನ ಹಿಂದೆ ನಾಲ್ವರು ಬಂದು ಎಲೆಯ ಮುಂದೆ ಕೂರುತ್ತಾರೆ.”

“ಇದೊಂದೇ ಅಲ್ಲ,” ಎಂದ ಮೋಹನ. “2017ರಲ್ಲಿ ಸಿಕ್ಲೀನರ್ ಎಂಬ ಪ್ರಸಿದ್ಧ ಶುದ್ಧೀಕರಣ ತಂತ್ರಾಂಶದೊಳಗೇ ಕಳ್ಳರು ನುಸುಳಿ ದುಷ್ಟ ಸಂಕೇತವನ್ನು ಸೇರಿಸಿದ್ದರು. ತಯಾರಕರಿಗೆ ತಿಳಿಯುವ ಹೊತ್ತಿಗೆ ಅದು 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಸೇರಿತ್ತು.”

“ಮಡಿನೀರಿನ ಹಂಡೆಯಲ್ಲೇ ಇಲಿ ಬಿದ್ದಿತ್ತು ಎನ್ನು,” ಎಂದರು ಮೇಷ್ಟರು. ಸುಬ್ಬಣ್ಣ ನಕ್ಕು ಕೆಮ್ಮಿದ. ಅಷ್ಟರಲ್ಲಿ ಹಸಿರು ಪಟ್ಟಿ ತುಂಬಿ, ಕಂಪ್ಯೂಟರು ಮಿಂದು ಮಡಿಯುಟ್ಟು ಹೊರಗೆ ಬಂದಿತು.

ಮೇಷ್ಟರಿಗೆ ಬೇಕಾಗಿದ್ದುದು ಒಂದು ಆರತಿ ಹಾಡು. ಮೊಮ್ಮಗಳ ನಾಮಕರಣಕ್ಕೆ ಅದೇ ಆಗಬೇಕೆಂದು ಮನೆಯಲ್ಲಿ ಹಟ. ಹಾಡು ಪೂರ್ತಿಯಾಗಿ ಬರುತ್ತಿದ್ದುದು ರಾಯರ ಹೆಂಡತಿ ಪದ್ಮಕ್ಕನಿಗೆ ಮಾತ್ರ, ಅದನ್ನು ಆಕೆ 2004ರಲ್ಲಿ ಒಂದೊಂದೇ ಅಕ್ಷರ ಹುಡುಕಿ ಈ ಮೇಜಿನ ಮುಂದೆಯೇ ಟೈಪು ಮಾಡಿಟ್ಟಿದ್ದರು. ಆಕೆ ಹೋಗಿ ಆರು ವರ್ಷಗಳಾದವು.

ರಾಯರು ಕಡತವನ್ನು ತೆರೆದರು. ತಲೆಯ ಮೇಲೆ ಚುಕ್ಕೆ, ಗೀಟುಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ ಚೆಲ್ಲಿಕೊಂಡಿದ್ದವು. ಇನ್ನೊಂದನ್ನು ತೆರೆದರು, ಅದೂ ಹಾಗೆಯೇ. ಯಾರೂ ಮಾತನಾಡಲಿಲ್ಲ.

“ಬಳಸದ ಫಾಂಟುಗಳನ್ನು ಅಳಿಸುವ ತಂತ್ರಾಂಶವನ್ನೂ ಹಾಕಿದ್ದಿರಾ, ಮಾವ?” ಎಂದು ಮೋಹನ ಮೆಲ್ಲಗೆ ಕೇಳಿದ.

“ಹೋದ ತಿಂಗಳು. ನಲವತ್ತಾರು ಅನಗತ್ಯವೆಂದು ತೋರಿಸಿತು.”

“ಕಡತಕ್ಕೆ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ವ್ಯಾಪಕ ಬಳಕೆಗೆ ಬರುವ ಮೊದಲಿನ ಕನ್ನಡವಿದು. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ ಇರುತ್ತವೆ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಅತ್ತೆ ಬಳಸಿದ್ದು ‘ನುಡಿ’ ಎಂಬ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನವರು ಮಾಡಿದ್ದು. ಅದೂ ಉಚಿತವೇ.” ಅವನು ರಾಯರನ್ನು ಸರಿಸಿ ಕುಳಿತು, ಹತ್ತು ನಿಮಿಷದಲ್ಲಿ ಅದನ್ನು ಮತ್ತೆ ತಂದು ಹಾಕಿದ.

ಪುಟದಲ್ಲಿ ಅಕ್ಷರಗಳು ಎದ್ದುಬಂದವು. ಆರು ನುಡಿಗಳ ಹಾಡು. ನಾಲ್ಕನೆಯದರ ಕೆಳಗೆ ಕಂಸದಲ್ಲಿ, ‘ಇಲ್ಲಿ ಎರಡು ಸಾಲು ಮರೆತಿದೆ, ಅತ್ತಿಗೆಯನ್ನು ಕೇಳಬೇಕು. ಇವರು ಕಂಪ್ಯೂಟರು ಬೇಕೆಂದು ಬೆನ್ನ ಹಿಂದೆಯೇ ನಿಂತಿದ್ದಾರೆ, ಉಳಿದದ್ದು ನಾಳೆ’ ಎಂದಿತ್ತು.

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಸುಬ್ಬಣ್ಣ ಯಾವ ಗಾದೆಯನ್ನೂ ಹೇಳಲಿಲ್ಲ. ಮುದ್ರಣಯಂತ್ರ ಗೊರಗುಟ್ಟಲು ಶುರುಮಾಡಿದಾಗ ಪರದೆಯ ಮೂಲೆಯಲ್ಲಿ ಕೆಂಪು ಕಿಟಕಿಯೊಂದು ಪುಟಿದೆದ್ದಿತು: ಹೊಸದಾಗಿ ಬಂದಿರುವ ಫಾಂಟುಗಳು ಅನಗತ್ಯವೆಂದು ಕಾಣುತ್ತವೆ, ಅಳಿಸಬೇಕೇ? ರಾಯರ ಕೈ ಅಭ್ಯಾಸಬಲದಿಂದ ಮೌಸಿನ ಕಡೆಗೆ ಹೊರಟಿತು.

ಮೇಷ್ಟರು ಆ ಕೈಯನ್ನು ಹಿಡಿದುಕೊಂಡರು. “ಇದಕ್ಕೆ ಮಮ ಎನ್ನಬೇಡಿ, ರಾಯರೇ.”