ಕೂಸಿಗೆ ಹೊದಿಕಿ: ಕ್ರೋಶಾನೋ, ಉಲ್ಲನ್ನೋ, ಕೌದಿನೋ? ಅನುಭವ ಇದ್ದವ್ರು ಹೇಳ್ರಿ

ಕಲಬುರ್ಗಿ_ಅವ್ವ
ನಮಸ್ಕಾರ್ರೀ. ಮಗಳು ಮ್ಯಾಂಚೆಸ್ಟರ್‌ನ್ಯಾಗ ಇದ್ದಾಳ, ಡಿಸೆಂಬರ್‌ಗೆ ಹೆರಿಗಿ. ಕೂಸಿಗೆ ನನ್ನ ಕೈಲೆ ಮಾಡಿದ್ದು ಒಂದು ಹೊದಿಕಿ ಕಳಸಬೇಕಂತ ಆಸೆ. ಕೊಕ್ಕಿ ಕಡ್ಡೀಲೆ ಹಾಕೋ ಕ್ರೋಶಾ, ಎರಡು ಕಡ್ಡೀಲೆ ಹಾಕೋ ನಿಟ್ಟಿಂಗ್ ಎರಡೂ ಬರ್ತಾವ. ಅತ್ತಿಯವರ ಹಳೇ ಇಲಕಲ್ ಸೀರಿ ಟ್ರಂಕಿನ್ಯಾಗ ಅದಾವ, ಪದರು ಹಾಕಿ ಹೊಲದ್ರ ಕೌದಿನೂ ಆಗ್ತದ. ಖರ್ಚು 3000ದ ಒಳಗ ಇರಬೇಕು. ಬಲಗೈ ಹೆಬ್ಬೆರಳಿನ ಬುಡ ನೋಯ್ತದ. ಮಗಳು ಎಲ್ಲಾ ಅರಿವಿನೂ ಮಷೀನ್‌ಗೇ ಹಾಕ್ತಾಳ. ಯಾವುದಕ್ಕ ಕೈ ಹಚ್ಲಿ?

ಕಡ್ಡಿ_ನಂಬರ್_4, ಮೈಸೂರು
ಎರಡು ಮಾತಿಲ್ಲ, ಕ್ರೋಶಾ. ನಾನು ತಂಗಿ ಮಗನಿಗೆ ಹಾಕಿದ್ದರ ಲೆಕ್ಕ ಕೊಡ್ತೀನಿ ಕೇಳಿ. 36 ಇಂಚು ಚೌಕ, ನಡುವಿಂದ ಸುತ್ತ ಹಾಕ್ತಾ ಬೆಳೆಸೋ ಗ್ರಾನಿ ಸ್ಕ್ವೇರ್. ಬೇಬಿ ಅಕ್ರಿಲಿಕ್, 100 ಗ್ರಾಂ ಉಂಡೆ 110 ರೂಪಾಯಿ. ಐದು ಸಾಕು ಅಂದ್ರು ಅಂಗಡಿಯವರು. 550. ಅಂಚು ಹಾಕೋ ಹೊತ್ತಿಗೆ ಬಿಳಿ ಖಾಲಿ! ಮತ್ತೆ ಹೋದೆ, ಶೇಡ್ ನಂಬರ್ ಅದೇ, ಲಾಟ್ ನಂಬರ್ ಬೇರೆ, ಅಂದ್ರೆ ಬೇರೆ ಸಲ ಬಣ್ಣ ಹಾಕಿದ ನೂಲು. "ಬಿಳಿ ಎಲ್ಲಾ ಒಂದೇ ಮೇಡಂ" ಅಂತ ಸಾಧಿಸಿದ ಆ ಹುಡುಗ. ಅವನ ಟ್ಯೂಬ್‌ಲೈಟ್ ಕೆಳಗೆ ಒಂದೇ. ಮನೆಗೆ ಬಂದು ಬಿಸಿಲಿಗೆ ಹಿಡಿದ್ರೆ ಒಂದು ಹಾಲು, ಇನ್ನೊಂದು ಮಜ್ಜಿಗೆ. ಆ 110 ನೀರಿಗೆ ಹೋಯ್ತು, ಬಿಚ್ಚಿದ ಉಂಡೆ ವಾಪಸ್ ತಗೊಳಲ್ಲ ಅಂದ. ಹಳೇ ಲಾಟ್ ಇಟ್ಕೊಂಡಿದ್ದ ಒಬ್ಬರನ್ನ ಹುಡುಕಿ ತರಿಸಿದೆ, ಉಂಡೆ 110, ಕೊರಿಯರ್ 140. ರಬ್ಬರ್ ಹಿಡಿಯ 4 ಎಂಎಂ ಕಡ್ಡಿ 350. ಒಟ್ಟು 1260. ಇವತ್ತಿಗೂ ಮಷೀನ್‌ನಲ್ಲೇ ಒಗೀತಾರೆ, ಒಂದು ಎಳೆ ಬಿಟ್ಟಿಲ್ಲ.

ಇನ್ನೊಂದು ವಿಷ್ಯ. ಕ್ರೋಶಾನ ಮಷೀನ್‌ನಲ್ಲಿ ಮಾಡಕ್ಕಾಗಲ್ಲ ಕಣ್ರೀ. ಮಾಲ್‌ನಲ್ಲಿ ನೇತು ಹಾಕಿರೋ ನಿಜವಾದ ಕ್ರೋಶಾ ಟಾಪ್ ಕೂಡ ಎಲ್ಲೋ ಯಾರೋ ಹೆಣ್ಮಗಳು ಕೂತು ಕೈಯಲ್ಲಿ ಹಾಕಿದ್ದು. ನಿಟ್ಟಿಂಗ್‌ಗೆ ಆ ಗತ್ತಿಲ್ಲ.

ಉಲ್ಟಾ_ಸೀದಾ, ಮಲ್ಲೇಶ್ವರ
ಗತ್ತಿಲ್ವಂತೆ. ಅದೇ ಅಳತೆಗೆ ನಿಟ್ಟಿಂಗ್‌ಗಿಂತ ಕ್ರೋಶಾ ಹೆಚ್ಚೂಕಮ್ಮಿ ಮೂರನೇ ಒಂದು ಪಾಲು ಜಾಸ್ತಿ ನೂಲು ತಿನ್ನುತ್ತೆ. ನಿಮ್ಮ ಐದು ಉಂಡೆ ಸಾಲದೇ ಹೋಗಿದ್ದಕ್ಕೆ ಅಂಗಡಿ ಹುಡುಗನ್ನ ಯಾಕೆ ಬೈತೀರಾ?

ನಾನು ಹಾಕಿದ್ದು ಮೆರಿನೋ, ಮೆತ್ತನೆ ಕುರಿ ಉಣ್ಣೆ. 100 ಗ್ರಾಂ ಲಚ್ಚಿ 1450, ನಾಲ್ಕು ಲಚ್ಚಿ, 5800. ನಡುವೆ ಬಳುಕೋ ತಂತಿ ಇರೋ ಬಿದಿರಿನ ಸರ್ಕ್ಯುಲರ್ ಕಡ್ಡಿ 620. ಗಾರ್ಟರ್ ಅಂಚು, ಮಧ್ಯ ಎಲೆ ಡಿಸೈನ್. ಮೊದಲು ಸ್ಯಾಂಪಲ್ ತುಂಡು ಹಾಕಿ, ತೊಳೆದು, ಒಣಗಿಸಿ ಅಳತೆ ನೋಡಿಯೇ ಶುರು ಮಾಡಿದ್ದು. 34 ಇಂಚು ಬಂತು, ಅರ್ಧ ಇಂಚು ಆಚೀಚೆ ಇಲ್ಲ. ಕೊಡುವಾಗ ಚೀಟಿ ಬರೆದು ಪಿನ್ ಮಾಡಿದ್ದೆ: ತಣ್ಣೀರು, ಕೈಯಲ್ಲಿ ಮಾತ್ರ, ಹಿಂಡಬೇಡಿ, ಚಪ್ಪಟೆಯಾಗಿ ಒಣಗಿಸಿ. ಸೊಸೆ ಚೀಟಿ ಕಿತ್ತು ಫ್ರಿಜ್ ಮೇಲೆ ಅಂಟಿಸಿದ್ಲು, ಹೊದಿಕೆನ ಟವೆಲ್ ಜೊತೆ 60 ಡಿಗ್ರಿಗೆ ಹಾಕಿದ್ಲು. ಆಚೆ ಬಂದಾಗ 21 ಇಂಚು, ಬೆರಳು ದಪ್ಪ, ಎಲೆ ಎಲ್ಲಿ ಹೋಯ್ತೋ. ಉಣ್ಣೆ ಎಳೆ ಮೇಲೆ ಹುರುಪೆ ಇರುತ್ತೆ, ಬಿಸಿನೀರಲ್ಲಿ ಕುಲುಕಿದ್ರೆ ಒಂದಕ್ಕೊಂದು ಸಿಕ್ಕಿ ಬಿಗಿಯುತ್ತೆ, ಬ್ರಹ್ಮ ಬಂದ್ರೂ ಬಿಚ್ಚಲ್ಲ. ಮಷೀನ್‌ಗೆ ಹಾಕೋ ಹಾಗೆ ಹದ ಮಾಡಿದ ಸೂಪರ್‌ವಾಶ್ ಉಣ್ಣೆ ತಗೋಬಹುದಿತ್ತು ಅಂತ ಉಪದೇಶ ಮಾಡೋರಿಗೆ ಈಗಲೇ ಹೇಳ್ತೀನಿ, ಆ ಬಣ್ಣ ಸೂಪರ್‌ವಾಶ್‌ನಲ್ಲಿ ಇರ್ಲಿಲ್ಲ. ಇನ್ನೊಂದು ಮೊಮ್ಮಗು ಆದ್ರೂ ಮೆರಿನೋನೇ ಹಾಕ್ತೀನಿ. ಹಸುಗೂಸಿಗೆ ಪ್ಲಾಸ್ಟಿಕ್ ಹೊದಿಸಲ್ಲ.

ಕಡ್ಡಿ_ನಂಬರ್_4, ಮೈಸೂರು
ಪ್ಲಾಸ್ಟಿಕ್ಕಾ? ನನ್ನ 1260 ರೂಪಾಯಿ ಪ್ಲಾಸ್ಟಿಕ್ ಮಗು ಮೈಮೇಲಿದೆ. ನಿಮ್ಮ 6420 ಎಲ್ಲಿದೆ ಸ್ವಲ್ಪ ಹೇಳಿ.

ಉಲ್ಟಾ_ಸೀದಾ, ಮಲ್ಲೇಶ್ವರ
ಬೆಕ್ಕು ಮಲಗುತ್ತೆ ಅದರ ಮೇಲೆ. ಬೆಕ್ಕಿಗಾದ್ರೂ ಬೆಲೆ ಗೊತ್ತು. ನಿಮ್ಮದರ ಮೇಲೆ ಒಂದ್ಸಲ ಇಸ್ತ್ರಿ ಇಡಿ, ಪ್ಲಾಸ್ಟಿಕ್ ಹೌದೋ ಅಲ್ವೋ ಅದೇ ಹೇಳುತ್ತೆ.

ಕೌದಿ_ಕಾಕು, ಧಾರವಾಡ
ಮನ್ಯಾಗ ಟ್ರಂಕ್ ತುಂಬ ಸೀರಿ ಇಟ್ಕೊಂಡು ಅಂಗಡಿ ನೂಲಿಗೆ ರೊಕ್ಕ ಸುರೀತಾರೇನ್ರೀ? ಇಲಕಲ್‌ದಾಗ ಮೊದಲ ನೋಡಬೇಕಾದ್ದು ಒಡಲು ಹತ್ತಿ ನೂಲೋ, ನಕಲಿ ರೇಷ್ಮಿ ಆರ್ಟ್ ಸಿಲ್ಕೋ. ನೂಲಾಗಿದ್ರ ಬಂಗಾರ. ಹಳೇದಾದಷ್ಟೂ ಮೆತ್ತಗ ಆಗ್ತದ, ಕೂಸಿನ ಮೈಗೆ ಅದಕ್ಕಿಂತ ಬ್ಯಾರೆ ಅರಿವಿ ಬ್ಯಾಡ. ಆರ್ಟ್ ಸಿಲ್ಕ್ ಆಗಿದ್ರ ಸೂಜಿ ಹಾದಲ್ಲೆಲ್ಲಾ ಎಳಿ ಜಾರಿ ಪಿಸೀತದ. ಕೆಂಪು ಸೆರಗು ಒಡಲಿಗೆ ಕೊಂಡಿ ಹಾಕಿ ಕೂಡಿಸಿದ ಕಡೆ ಕತ್ತರಿಸಿ ಬ್ಯಾರೆ ತಗೀರಿ. ನಮ್ಮ ಅಕ್ಕ ತಗೀಲಿಲ್ಲ. ಉಪ್ಪುನೀರಾಗ ನೆನಸಿದ್ರೂ ಮೊದಲನೇ ಒಗತಕ್ಕ ಕೌದಿ ಎಲ್ಲಾ ಗುಲಾಬಿ.

ನಮ್ಮ ಅವ್ವ ತೀರಿಕೊಂಡಾಗ 14 ಸೀರಿ ಇದ್ದೂವ್ರೀ. ಅಕ್ಕ ತಾನ ಹಿರೇಕಿ ಅಂತ 9 ಒಯ್ದಳು, ನನಗ 5, ಅದ್ರಾಗ ಎರಡು ಜರಡಿ. ಆ ಒಂಬತ್ತರಾಗ ತಾನೂ ಹೊಲೀಲಿಲ್ಲ, ಊರಿಗೆ ಬಂದ ಕೌದಿ ಹೊಲಿಯಾವ್ರಿಗೆ 1200 ಕೂಲಿ, ಮ್ಯಾಲೆ ಜ್ವಾಳ ಕೊಟ್ಟು ಹೊಲಸಿ "ಅವ್ವನ ನೆನಪಿಗೆ ನಾ ಹೊಲದಿದ್ದು" ಅಂತ ಮಂದಿಗೆ ತೋರಸ್ತಾಳ. ನಾ ನನ್ನ ಐದರಾಗ ಮೂರು ಪದರಿನ ತೊಟ್ಟಿಲ ಕೌದಿ ಹೊಲದೆ. ದಾರ 180, ಸೂಜಿ 20, ಅಸ್ತರಕ್ಕ ನಮ್ಮ ಮನಿಯವರ ಧೋತರ. ಮುಗಸೋ ಮುಂದ ಒಂದು ತುತ್ತು ರೊಟ್ಟಿ ಒಳಗಿಟ್ಟು ಬಾಯಿ ಹೊಲದೆ, ಕೌದಿ ಹೊಟ್ಟಿ ಖಾಲಿ ಇರಬಾರ್ದಂತ ಅವ್ವ ಅಂತಿದ್ಲು. ಅಕ್ಕನ ಕೌದಿಯಾಗ ಏನೈತಿ ಕೇಳ್ರಿ.

ಎಡಿಸನ್_ಶಾರದಕ್ಕ, ನ್ಯೂಜೆರ್ಸಿ
ಯಾರೂ ಮುಖ್ಯವಾದ್ದು ಹೇಳ್ತಿಲ್ಲ. ಒಂದು ವರ್ಷದ ಒಳಗಿನ ಮಗು ಮಲಗೋ ತೊಟ್ಟಿಲಲ್ಲಿ ಸಡಿಲವಾದ ಹೊದಿಕೆ, ದಿಂಬು, ಮೆತ್ತನೆ ಗೊಂಬೆ ಏನೂ ಇರಬಾರದು ಅಂತ ಇಲ್ಲಿನ ಮಕ್ಕಳ ತಜ್ಞರ ಅಕಾಡೆಮಿ ಸ್ಪಷ್ಟವಾಗಿ ಹೇಳುತ್ತೆ. ಉಸಿರು ಕಟ್ಟೋ ಅಪಾಯ. ನಾನು ಮೂರು ಬೇಬಿ ಶವರ್‌ಗೆ ಹೊದಿಕೆ ಹಾಕಿ ಕೊಟ್ಟೆ, ಮೂರೂ ಕುರ್ಚಿ ಬೆನ್ನಿಗೆ ಹೋದವು. ನೂಲಿಗೇ 140 ಡಾಲರ್.

ಕೌದಿ_ಕಾಕು, ಧಾರವಾಡ
ನಾವು ಆರು ಮಂದಿ ಕೌದ್ಯಾಗ ಹುಟ್ಟಿ ಕೌದ್ಯಾಗ ಬೆಳದೀವಿ. ಯಾರೂ ಸತ್ತಿಲ್ರೀ.

ಎಡಿಸನ್_ಶಾರದಕ್ಕ, ನ್ಯೂಜೆರ್ಸಿ
ಸತ್ತವರು ಬಂದು ಇಲ್ಲಿ ಬರೆಯಲ್ಲ ಕಾಕು.

ಪುತ್ತೂರಿನವಳು, ಲೀಡ್ಸ್
ಎಂತ ಮಾತಾಡ್ತೀರಿ ಮಾರಾಯ್ರೆ, ಹೆರಿಗೆ ಸುದ್ದಿ ಹೇಳಿದವರ ಎದುರು. ಮತ್ತೆ ಅವರ ಮಗಳಿರುವುದು ಮ್ಯಾಂಚೆಸ್ಟರ್‌ನಲ್ಲಿ, ನಿಮ್ಮ ಎಡಿಸನ್‌ನಲ್ಲಿ ಅಲ್ಲ. ಇಲ್ಲಿ ಹೇಳುವುದು ಬೇರೆ: ತೆಳು ಹೊದಿಕೆ ಆದೀತು, ಮಗುವಿನ ಕಾಲು ತೊಟ್ಟಿಲಿನ ಕೆಳತುದಿಗೆ ತಾಗುವ ಹಾಗೆ ಮಲಗಿಸಿ, ಹೆಗಲಿಂದ ಮೇಲೆ ಬಾರದ ಹಾಗೆ ಹಾಸಿಗೆ ಅಡಿಗೆ ಗಟ್ಟಿ ಸಿಕ್ಕಿಸಬೇಕು. ದಪ್ಪ ಕೌದಿ ಬೇಡವೇ ಬೇಡ. ಕ್ರೋಶಾದಲ್ಲಿ ಬೆರಳು ಹೋಗುವಷ್ಟು ದೊಡ್ಡ ತೂತು ಕೂಡ ಬೇಡ.

ಪಾರ್ಸೆಲ್ ವಿಷಯ ಯಾರೂ ಎತ್ತಲಿಲ್ಲ. ಗಿಫ್ಟ್ ಅಂತ ಬರೆದು ಬೆಲೆ 39 ಪೌಂಡ್ ಒಳಗಿದ್ದರೆ ವ್ಯಾಟ್ ತೆರಿಗೆ ಇಲ್ಲ. ನನ್ನ ಅತ್ತೆ ಹೆಮ್ಮೆಯಿಂದ 60 ಪೌಂಡ್ ಅಂತ ಬರೆದರು. ನನಗೆ 12 ಪೌಂಡ್ ವ್ಯಾಟ್, ಅದನ್ನು ವಸೂಲಿ ಮಾಡಿದ್ದಕ್ಕೆ ಕೊರಿಯರಿನವರ ಶುಲ್ಕ 8 ಪೌಂಡ್. ಊರಿಂದ ಕಳಿಸುವಾಗ ಅತ್ತೆ ಕೊಟ್ಟದ್ದು 2900 ರೂಪಾಯಿ. ಒಳಗಿದ್ದದ್ದು ಒಂದು ಹೊದಿಕೆ, ಅರ್ಧ ಕೆಜಿ ಹಪ್ಪಳ. ಹಪ್ಪಳ ಪುಡಿ.

ಕಲಬುರ್ಗಿ_ಅವ್ವ
ಎಲ್ಲಾರಿಗೂ ಭಾಳ ಉಪಕಾರ ಆತ್ರೀ. ಅದ ಹೆಬ್ಬೆರಳು ನೋಯ್ತದ ಅಂದಿದ್ದೆ, ಅದಕ್ಕ ಯಾವುದು ಹಗರ?

ಉಲ್ಟಾ_ಸೀದಾ, ಮಲ್ಲೇಶ್ವರ
ಸರ್ಕ್ಯುಲರ್ ಕಡ್ಡಿ. ಹೊದಿಕೆ ಭಾರ ಎಲ್ಲಾ ತೊಡೆ ಮೇಲೆ ಕೂರುತ್ತೆ, ಮಣಿಕಟ್ಟಿಗೆ ಬೀಳಲ್ಲ. ನನ್ನ ಮಣಿಕಟ್ಟಿಗೆ ಡಾಕ್ಟರು ಬೆಲ್ಟ್ ಕೊಟ್ಟಿದ್ರು, 480 ರೂಪಾಯಿ. ಅದನ್ನ ಕಟ್ಕೊಂಡೇ ಎಲೆ ಡಿಸೈನ್ ಮುಗಿಸಿದ್ದು. ಆ ಕಷ್ಟ ನನ್ನ ಸೊಸೆಗೆ ಗೊತ್ತಿದ್ರೆ ತಾನೆ.

ಕಾಡಂಚಿನ_ಮನೆ, ಯಲ್ಲಾಪುರ
ಕೂಲಿ ಕೊಟ್ಟು ಹೊಲಿಸಿದ್ರೆ ಅದು ತನ್ನದಲ್ಲ ಅಂತ ಕಾಕು ಅವರ ವಾದ ನಂಗೆ ಸರಿ ಕಾಣಲಿಲ್ಲ. ನಮ್ಮ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ನೋಡಿದ್ದೀರಾ? ಅಂಚಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರ್ತಾರೆ, ತುಂಡು ಮೇಲೆ ತುಂಡು ಕೂರಿಸ್ತಾ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಫೂಲ, ಅಂದ್ರೆ ಹೂವು, ಇಡದೆ ಬಿಡೋದಿಲ್ಲ. ನಾನು ಮಗಳ ಬಾಣಂತನಕ್ಕೆ ಪಕ್ಕದ ಕೇರಿಯವರ ಹತ್ರ ಒಂದು ಹೊಲಿಸಿದೆ, 3500. ಹುಬ್ಬಳ್ಳಿಯ ನಮ್ಮ ಬೀಗರು "ಹಳೇ ಬಟ್ಟೆಗೆ ಅಷ್ಟಾ?" ಅಂದ್ರು. ಅವರೇ ಬೆಂಗಳೂರಿನ ಪ್ರದರ್ಶನದಲ್ಲಿ ಬರೇ ಮಷೀನ್ ಹೊಲಿಗೆಯ ಜೈಪುರಿ ರಜಾಯಿ 4800 ಕೊಟ್ಟು ತಂದಿದ್ದಾರೆ. ಸಿಟ್ಟು ಬಂದು ಇವತ್ತಿನ ತನಕ ಆ ಕವಂದಿ ಅವರೆದುರು ಹಾಸಿಲ್ಲ.

ಕೌದಿ_ಕಾಕು, ಧಾರವಾಡ
ಕೂಲಿ ತಪ್ಪಂತ ನಾ ಎಲ್ಲಿ ಅಂದೇನಿ ತಂಗಿ? ಹೊಲದವ್ರ ಹೆಸರು ಹೇಳದ "ನಾ ಹೊಲದೆ" ಅನ್ನೋದು ತಪ್ಪು. ಮತ್ತ ಸುತ್ತಿ ಹೊಲದ್ರ ನಡುವ ಅರಿವಿ ಉಬ್ಬಿ ಗುಬ್ಬಿ ಏಳಂಗಿಲ್ಲೇನು? ಸೀದಾ ಸಾಲಿನಷ್ಟು ಸಾಪ್ ಬರಂಗಿಲ್ಲ.

ಕಾಡಂಚಿನ_ಮನೆ, ಯಲ್ಲಾಪುರ
ಗುಬ್ಬಿ ಏಳೋದು ಹೊಲಿಯಕ್ಕೆ ಬಾರದವರಿಗೆ. ಒಮ್ಮೆ ಬಂದು ಮುಟ್ಟಿ ನೋಡಿ, ಆಮೇಲೆ ಮಾತಾಡಿ.

ಕುರಿ_ಗೌಡ, ಚಳ್ಳಕೆರೆ
ಮೆರಿನೋ ಮೆರಿನೋ ಅಂತ 5800 ಸುರಿದೋರ್ನ ನೋಡಿ ಕರುಳು ಚುರ್ ಅಂತು. ನಮ್ಮೂರ ಕಂಬಳಿ ಏನ್ ಪಾಪ ಮಾಡೈತೆ? ಊರ ಕುರಿ, ಊರ ಮಗ್ಗ. ಮಳೆಗೂ ಹೊದೀಬಹುದು, ಚಳಿಗೂ ಹೊದೀಬಹುದು.

ಉಲ್ಟಾ_ಸೀದಾ, ಮಲ್ಲೇಶ್ವರ
ಗೌಡ್ರೇ, ಹಸುಗೂಸಿನ ಮೈಗೆ ಕಂಬಳಿನಾ? ನನ್ನ ಮೈಯೇ ಕೆರೆಯುತ್ತೆ. ಮಂಡಿ ಕೆಳಗೆ ಹಾಸ್ಕೊಂಡು ಪೂಜೆಗೆ ಕೂತ್ರೆ ಸೀರೆ ದಾಟಿ ಚುಚ್ಚುತ್ತೆ.

ಕುರಿ_ಗೌಡ, ಚಳ್ಳಕೆರೆ
ಹೊಸದು ಚುಚ್ಚೇ ಚುಚ್ತೈತೆ. ಮಗ್ಗದ ಹಾಸು ಎಳೆಗೆ ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದಿರ್ತಾರೆ, ಅದು ಹೋಗೋವರ್ಗೂ ಬಿರುಸು. ನೀರು ಕಂಡು ಗಂಜಿ ಬಿಟ್ಟ ಮೇಲೆ ಮುಟ್ಟಿ ನೋಡಿ. ಮೆಟ್ರೋ ಹತ್ತಿ ತಂದ ಲಚ್ಚಿ ಅಲ್ಲ ಇದು, ಪಳಗಿಸ್ಬೇಕು. ಅದಿರ್ಲಿ, ನಿಮ್ಮದು ಕುಗ್ಗಿ ಬಿಗಿದು ಹೋಯ್ತು ಅಂತ ಅತ್ತಿದ್ದೀರಲ್ಲ. ನಾವು ಕಂಬಳಿನ ಬೇಕಂತಲೇ ನೀರಾಕಿ ತುಳಿದು ಬಿಗಿ ಮಾಡ್ತೀವಿ.

ಕಡ್ಡಿ_ನಂಬರ್_4, ಮೈಸೂರು
ಗೌಡ್ರೇ, ಇದೊಂದು ಮಾತಿಗೆ ನಿಮಗೆ ನಮಸ್ಕಾರ.

ಎಡಿಸನ್_ಶಾರದಕ್ಕ, ನ್ಯೂಜೆರ್ಸಿ
ಕಂಬಳಿನೂ ತೊಟ್ಟಿಲಲ್ಲಿ ಸಲ್ಲದು. ಹೇಳಿದ್ದೇ ಹೇಳಬೇಕಾಗಿದೆ ಇಲ್ಲಿ.

ಪುತ್ತೂರಿನವಳು, ಲೀಡ್ಸ್
ಗೊತ್ತಾಯ್ತು ಶಾರದಕ್ಕ. ನಿಮ್ಮ 140 ಡಾಲರಿನ ಸಿಟ್ಟು ಎಲ್ಲರ ತೊಟ್ಟಿಲಿಗೂ ಯಾಕೆ ತರುವುದು?

ಕೌದಿ_ಕಾಕು, ಧಾರವಾಡ
ಗೌಡ್ರ, ನಮ್ಮ ಮನಿಯವರಿಗೆ ಹೊಲದಾಗ ಮಲಗಾಕ ಒಂದು ಕರೇ ಕಂಬಳಿ ಬೇಕಾಗೇದ. ಏನು ರೇಟು?

ಕುರಿ_ಗೌಡ, ಚಳ್ಳಕೆರೆ
ಅಪ್ಪಟ ಕುರಿ ಕರಿದು, ಬಣ್ಣ ಹಾಕಿದ್ದಲ್ಲ, 2600. ಬಸ್ಸಿಗೆ ಹಾಕಿ ಕಳಿಸ್ತೀನಿ, ಚಾರ್ಜು ನಿಮ್ದೇ.

ಕೌದಿ_ಕಾಕು, ಧಾರವಾಡ
2000 ಮಾಡ್ಕೋರಿ.

ಕಾಡಂಚಿನ_ಮನೆ, ಯಲ್ಲಾಪುರ
ನೋಡಿ, ಕೌದಿ ಹೊಲಿಯೋರೇ ಚೌಕಾಸಿ ಮಾಡ್ತಾರೆ. ಗೌಡ್ರೇ, ಒಂದು ರೂಪಾಯಿನೂ ಬಿಡಬೇಡಿ.

ಕುರಿ_ಗೌಡ, ಚಳ್ಳಕೆರೆ
2500. ಬಸ್ ಚಾರ್ಜು ಬೇರೆ.