‘ದಿ ಕಾರ್’: ಆರ್ಕ್ಟಿಕ್ ಮಂಕೀಸ್ ಗಿಟಾರನ್ನು ಕೈಬಿಟ್ಟರೇ?

ಪ್ರಶ್ನೆ: ತಂತಿಮೀಟು

ಇಂಗ್ಲೆಂಡಿನ ರಾಕ್ ತಂಡವಾದ ಆರ್ಕ್ಟಿಕ್ ಮಂಕೀಸ್‌ನ ಏಳನೆಯ ಆಲ್ಬಮ್ ‘ದಿ ಕಾರ್’ 2022ರ ಅಕ್ಟೋಬರ್ 21ರಂದು ಹೊರಬಂದ ಮೇಲೆ ಅದನ್ನು ಹನ್ನೆರಡು ಬಾರಿಯಾದರೂ ಪೂರ್ತಿ ಕೇಳಿದ್ದೇನೆ. ಹತ್ತು ಹಾಡುಗಳು, ಸುಮಾರು 37 ನಿಮಿಷ. ಹೆಡ್‌ಫೋನ್ ಹಾಕಿಕೊಂಡು, ಬೇರೆ ಕೆಲಸ ಬದಿಗಿಟ್ಟು, ಒಂದು ಹಾಡನ್ನೂ ಬಿಡದೆ ಕೇಳಿದರೂ ಅದು ನನ್ನೊಳಗೆ ಇಳಿಯುತ್ತಿಲ್ಲ. ಹಾಡುಗಳು ಕೆಟ್ಟದಾಗಿವೆ ಎಂದು ನಾನು ಹೇಳುತ್ತಿಲ್ಲ. ಹದಿನಾರು ವರ್ಷಗಳಿಂದ ಪ್ರೀತಿಸಿಕೊಂಡು ಬಂದ ತಂಡವನ್ನು ಅವುಗಳಲ್ಲಿ ಹುಡುಕಿದರೆ ಸಿಗುತ್ತಿಲ್ಲ, ಅಷ್ಟೇ.

2006ರ ಜನವರಿಯಲ್ಲಿ ಅವರ ಮೊದಲ ಆಲ್ಬಮ್ ಬಂದಾಗ ನಾನು ಗಿಟಾರ್ ಹಿಡಿಯುವುದನ್ನು ಆಗತಾನೇ ಕಲಿಯುತ್ತಿದ್ದೆ. ಎರಡು ಗಿಟಾರ್‌ಗಳು ಒಂದರ ಮಾತನ್ನು ಇನ್ನೊಂದು ಕಸಿದುಕೊಳ್ಳುವಂತೆ ನುಗ್ಗುವ ಆ ಹಾಡುಗಳ ವೇಗಕ್ಕೆ ನನ್ನ ಬಲಗೈಯ ಮಣಿಕಟ್ಟು ಸೋತುಹೋಗುತ್ತಿತ್ತು. ಮೂರು ನಿಮಿಷದ ಒಂದು ಹಾಡನ್ನು ತಪ್ಪಿಲ್ಲದೆ ಮುಗಿಸಲು ನನಗೆ ಮೂರು ತಿಂಗಳು ಹಿಡಿಯಿತು. ಈಗಿನ ಆಲ್ಬಮ್ ಆರಂಭವಾಗುವುದೇ ಪಿಯಾನೊ ಮತ್ತು ಪಿಟೀಲುಗಳ ನಿಧಾನವಾದ ಪೀಠಿಕೆಯಿಂದ. ಇದು ನಾಲ್ವರೂ ಒಟ್ಟಾಗಿ ಬೆಳೆದು ತಲುಪಿದ ಜಾಗವೋ ಅಥವಾ ಗಾಯಕ ಅಲೆಕ್ಸ್ ಟರ್ನರ್ ಒಬ್ಬರ ಕಛೇರಿಗೆ ಜೇಮೀ ಕುಕ್, ನಿಕ್ ಓಮ್ಯಾಲಿ ಮತ್ತು ಮ್ಯಾಟ್ ಹೆಲ್ಡರ್ಸ್ ಪಕ್ಕವಾದ್ಯದವರಾಗಿ ಕುಳಿತಿದ್ದಾರೋ? ಇದನ್ನು ಹೇಗೆ ಕೇಳಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಮಂದ್ರಸ್ಥಾಯಿ

ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಏಕೆಂದರೆ 2018ರಲ್ಲಿ ಇದೇ ತಂಡದ ‘ಟ್ರ್ಯಾಂಕ್ವಿಲಿಟಿ ಬೇಸ್ ಹೋಟೆಲ್ ಅಂಡ್ ಕ್ಯಾಸಿನೊ’ ಬಂದಾಗ ನಾನೂ ಇದೇ ಸ್ಥಿತಿಯಲ್ಲಿದ್ದೆ. ನಿಜವಾದ ತಿರುವು ಇರುವುದು ಆ ಆಲ್ಬಮ್‌ನಲ್ಲಿ. ‘ದಿ ಕಾರ್’ ಅದರ ಮುಂದಿನ ಹೆಜ್ಜೆ ಮಾತ್ರ. ಟರ್ನರ್ ಅವರಿಗೆ ಮೂವತ್ತು ತುಂಬಿದಾಗ ತಂಡದ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೊವನ್ನು ಉಡುಗೊರೆಯಾಗಿ ಕೊಟ್ಟರು. ಅವರು ಲಾಸ್ ಏಂಜಲೀಸ್‌ನ ಮನೆಯಲ್ಲಿ ಅದರ ಮುಂದೆ ಕುಳಿತು, ಎಂಟು ಟ್ರ್ಯಾಕಿನ ಟೇಪ್ ಯಂತ್ರವೊಂದರಲ್ಲಿ ಒಬ್ಬರೇ ಹಾಡುಗಳನ್ನು ದಾಖಲಿಸಿಕೊಳ್ಳತೊಡಗಿದರು. ಉಡುಗೊರೆ ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ಹಾಡು ಯಾವ ವಾದ್ಯದ ಮೇಲೆ ಹುಟ್ಟುತ್ತದೆ ಎಂಬುದು ಅದರ ಮೈಕಟ್ಟನ್ನೇ ಬದಲಿಸುತ್ತದೆ.

ಗಿಟಾರ್ ನುಡಿಸುವ ನಿಮಗೆ ಇದು ಬೇಗ ಮನವರಿಕೆಯಾಗಬೇಕು. ಗಿಟಾರ್‌ನಲ್ಲಿ ಎಡಗೈಯ ಒಂದೇ ಆಕಾರವನ್ನು ಹಾಗೆಯೇ ಮೇಲಕ್ಕೂ ಕೆಳಕ್ಕೂ ಜಾರಿಸಿದರೆ ಹೊಸ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಸಿಗುತ್ತದೆ. ಆದ್ದರಿಂದಲೇ ಅಲ್ಲಿ ರಿಫ್ (ಮತ್ತೆ ಮತ್ತೆ ಮರಳುವ ಸಣ್ಣ ಸ್ವರಸಾಲು) ಮೊದಲು ಹುಟ್ಟಿ, ಮಾತು ಅದರ ಬೆನ್ನು ಹತ್ತುತ್ತದೆ. ಪಿಯಾನೊದಲ್ಲಿ ಎಡಗೈ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಿರುವಾಗ ಬಲಗೈ ಇದ್ದಲ್ಲೇ ಇರಬಹುದು, ಮಧ್ಯದ ಒಂದು ಸ್ವರ ಮಾತ್ರ ಅರ್ಧ ಸ್ವರ ಸರಿಯಬಹುದು, ಹಿಂದಿನ ಕಾರ್ಡ್‌ನ ನಾದ ಮುಂದಿನದರೊಳಕ್ಕೆ ಹರಿದುಹೋಗಬಹುದು. ಇಂಥ ತಳಹದಿಯ ಮೇಲೆ ಮಾತುಗಳನ್ನು ಮೆಷಿನ್‌ಗನ್‌ನಂತೆ ಸುರಿಸಲು ಆಗುವುದಿಲ್ಲ. ಟರ್ನರ್ ಪದಗಳನ್ನು ಎಳೆದು, ತಡೆದು, ಕೆಲವೊಮ್ಮೆ ತಾಳ ಮುಂದೆ ಸಾಗಿದ ಮೇಲೆ ಇಡುತ್ತಾರೆ. ನಿಮಗೆ ವೇಗ ಸತ್ತಂತೆ ಕೇಳಿಸುತ್ತಿರುವ ಕಡೆ ಈ ಕೆಲಸ ನಡೆಯುತ್ತಿದೆ.

ಇನ್ನು ಪಿಟೀಲುಗಳ ವಿಷಯ. ಅವು ಟರ್ನರ್‌ಗೆ ಹೊಸತೇನಲ್ಲ. 2008ರಲ್ಲೇ ಅವರು ಮೈಲ್ಸ್ ಕೇನ್ ಜೊತೆ ‘ದಿ ಲಾಸ್ಟ್ ಶ್ಯಾಡೋ ಪಪೆಟ್ಸ್’ ಹೆಸರಿನಲ್ಲಿ ತಂದ ಆಲ್ಬಮ್‌ನ ತುಂಬ ತಂತಿವಾದ್ಯಗಳ ಮೇಳವಿತ್ತು. ಅಲ್ಲಿ ನಿರ್ಮಾಪಕರಾಗಿದ್ದ ಜೇಮ್ಸ್ ಫೋರ್ಡ್ ಅವರೇ ‘ದಿ ಕಾರ್’ ಆಲ್ಬಮ್‌ನ ನಿರ್ಮಾಪಕರೂ ಹೌದು. ಆಗ ಇನ್ನೊಂದು ತಂಡದ ಹೆಸರಿನಡಿ ಪಕ್ಕಕ್ಕೆ ಇಟ್ಟಿದ್ದ ಆಸೆಯನ್ನು ಈಗ ಸ್ವಂತ ಮನೆಗೆ ಕರೆತಂದಿದ್ದಾರೆ.

ಗಿಟಾರನ್ನು ಕೈಬಿಟ್ಟಿದ್ದಾರೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ಐ ಏಂಟ್ ಕ್ವೈಟ್ ವೇರ್ ಐ ಥಿಂಕ್ ಐ ಆಮ್’ ಹಾಡಿನ ವಾ-ವಾ ಗಿಟಾರ್ (ಪೆಡಲ್ ಒತ್ತಿ ‘ವಾ-ವಾ’ ಎನ್ನುವಂತೆ ಮಾಡಿದ ದನಿ) ಕೇಳಿ. ‘ಬಾಡಿ ಪೇಂಟ್’ ಹಾಡಿನಲ್ಲಿ ಕೊನೆಯವರೆಗೂ ಕಾಯಿರಿ. ಅಲ್ಲಿ ಒರಟು ದನಿಯ ಗಿಟಾರ್ ಬಾಗಿಲು ತಳ್ಳಿಕೊಂಡು ಬರುತ್ತದೆ. ಅದು ಮೊದಲಿನಿಂದಲೇ ಇದ್ದಿದ್ದರೆ ಆ ಗಳಿಗೆಗೆ ಅಷ್ಟು ಬಲ ಬರುತ್ತಿರಲಿಲ್ಲ.

ಉತ್ತರ 2: ಲಯಲೋಲ

ಪಕ್ಕವಾದ್ಯದ ಪ್ರಶ್ನೆಗೆ ಡ್ರಮ್ಸ್ ನುಡಿಸುವವನಾಗಿ ಉತ್ತರಿಸುತ್ತೇನೆ. ಮೊದಲ ಆಲ್ಬಮ್‌ನಲ್ಲಿ ತಂಡದ ಡ್ರಮ್ಸ್ ವಾದಕ ಹೆಲ್ಡರ್ಸ್ ಸುಮ್ಮನಿರುವ ಗಳಿಗೆಯೇ ಅಪರೂಪ. 2013ರ ‘ಎಎಂ’ ಆಲ್ಬಮ್‌ನಲ್ಲಿ ಅವರು ನಡಿಗೆಯನ್ನು ನಿಧಾನಗೊಳಿಸಿ, ಹಿಪ್-ಹಾಪ್ ಲಯದಂತೆ ಪೆಟ್ಟುಗಳನ್ನು ದೂರದೂರಕ್ಕೆ ಇಟ್ಟರು; ಆ ಆಲ್ಬಮ್ ಎಲ್ಲರಿಗೂ ಇಷ್ಟವಾದ್ದರಿಂದ ಬದಲಾವಣೆ ಅಲ್ಲೇ ಶುರುವಾಗಿತ್ತು ಎಂಬುದನ್ನು ಬಹಳ ಜನ ಗಮನಿಸಲಿಲ್ಲ. ‘ದಿ ಕಾರ್’ನಲ್ಲಿ ಅವರು ಇನ್ನೂ ಹಿಂದಕ್ಕೆ ಸರಿದಿದ್ದಾರೆ, ಮತ್ತು ಹಾಗೆ ಸರಿಯುವುದು ಸುಲಭವಲ್ಲ. ಜೋರಾಗಿ ಬಾರಿಸುವಾಗ ಸಣ್ಣ ತಪ್ಪು ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಮೆಲ್ಲಗೆ ಬಾರಿಸುವಾಗ ಕೋಲು ಕೂದಲೆಳೆಯಷ್ಟು ಮುಂಚೆ ಬಿದ್ದರೂ ಇಡೀ ಹಾಡು ವಾಲುತ್ತದೆ. ‘ದೇರ್ಡ್ ಬೆಟರ್ ಬಿ ಎ ಮಿರರ್‌ಬಾಲ್’ ಹಾಡಿನ ಜೊತೆ ನಾನು ನುಡಿಸಲು ಕುಳಿತಾಗ ಪ್ರತಿ ಸಲವೂ ತಾಳಕ್ಕಿಂತ ಮುಂದೆ ಓಡಿಬಿಡುತ್ತಿದ್ದೆ. ಕಾಲು ಗಂಟೆಯಲ್ಲಿ ಕಲಿಯಬಹುದು ಎಂದುಕೊಂಡಿದ್ದಕ್ಕೆ ಒಂದು ವಾರ ಬೇಕಾಯಿತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ‘ಸ್ಕಲ್ಪ್ಚರ್ಸ್ ಆಫ್ ಎನಿಥಿಂಗ್ ಗೋಸ್’ ಹಾಡಿನ ಆ ಕತ್ತಲ ಗುಡುಗಿನಂಥ ಮೂಗ್ ಸಿಂಥ್‌ನ (ಎಲೆಕ್ಟ್ರಾನಿಕ್ ಕೀಲಿಮಣೆ ವಾದ್ಯದ) ನಾದದ ಬೀಜ ಹಾಕಿದವರು ಗಿಟಾರ್ ವಾದಕ ಜೇಮೀ ಕುಕ್. ಆಲ್ಬಮ್‌ನ ಮುಖಪುಟದ ಚಿತ್ರ ತೆಗೆದವರು ಹೆಲ್ಡರ್ಸ್. ಟರ್ನರ್ ಒಬ್ಬರದೇ ಆಲ್ಬಮ್ ಎನ್ನುವವರು ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಉತ್ತರ 3: ಶ್ರುತಿಪೆಟ್ಟಿಗೆ

ಮೇಲಿನ ಇಬ್ಬರೂ ಚೆನ್ನಾಗಿ ವಿವರಿಸಿದ್ದಾರೆ, ಆದರೆ ಪ್ರಶ್ನೆ ಕೇಳಿದವರ ಅತೃಪ್ತಿಯಲ್ಲಿ ಹುರುಳಿಲ್ಲ ಎಂಬ ಭಾವನೆ ಬರಬಾರದು. ನನ್ನ ತಕರಾರು ವಾದ್ಯಗಳ ಬಗ್ಗೆ ಅಲ್ಲ, ಮಾತಿನ ಬಗ್ಗೆ. ಮೊದಲ ಆಲ್ಬಮ್‌ನಲ್ಲಿ ಟರ್ನರ್ ಕ್ಲಬ್ಬಿನ ಬಾಗಿಲಲ್ಲಿ ನಿಂತ ಕಾವಲುಗಾರನನ್ನು, ತಡರಾತ್ರಿಯ ಟ್ಯಾಕ್ಸಿಯಲ್ಲಿ ಮನೆಗೆ ಹೋಗುವವರನ್ನು ನಾಲ್ಕು ಸಾಲುಗಳಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತಿದ್ದರು. ತಂಡದ ಊರಾದ ಶೆಫೀಲ್ಡನ್ನು ಎಂದೂ ನೋಡದ ನನ್ನಂಥವರಿಗೂ ಆ ಬೀದಿ ಕಾಣುತ್ತಿತ್ತು. ‘ದಿ ಕಾರ್’ನ ಸಾಲುಗಳು ಸಿನಿಮಾ ಚಿತ್ರೀಕರಣದ ಆವರಣದಲ್ಲಿ ಅಡ್ಡಾಡುವ ಮನುಷ್ಯನ ಅರ್ಧಂಬರ್ಧ ಮಾತುಗಳಂತಿವೆ. ಅವುಗಳಲ್ಲಿ ಸೊಗಸಿದೆ, ಆದರೆ ಯಾರು ಯಾರೊಡನೆ ಮಾತನಾಡುತ್ತಿದ್ದಾರೆ ಎಂದು ತಿಳಿಯುವ ಮೊದಲೇ ಹಾಡು ಮುಗಿದಿರುತ್ತದೆ. ಜೊತೆಗೆ, ಮನಸ್ಸಿನಲ್ಲಿ ಕೂತು ಗುನುಗುವಂಥ ಪಲ್ಲವಿ ಹಲವು ಹಾಡುಗಳಲ್ಲಿಲ್ಲ. ಬದಲಾಗುವುದು ಕಲಾವಿದರ ಹಕ್ಕು ಎಂಬುದನ್ನು ಪೂರ್ತಿ ಒಪ್ಪಿಯೂ, ಬದಲಾವಣೆಯಲ್ಲಿ ಕಳೆದುಹೋದದ್ದನ್ನು ಕಳೆದುಹೋಯಿತು ಎಂದು ಹೇಳುವ ಹಕ್ಕು ಕೇಳುಗನಿಗೂ ಇದೆ ಎಂದೇ ನಾನು ನಂಬುತ್ತೇನೆ.

ಮರುಉತ್ತರ: ತಂತಿಮೀಟು

ಮೂವರಿಗೂ ಮನಸಾರೆ ವಂದನೆಗಳು. ಮಂದ್ರಸ್ಥಾಯಿ ಅವರು ಪಿಯಾನೊ ಬಗ್ಗೆ ಬರೆದದ್ದನ್ನು ಓದಿದ ಮೇಲೆ ನಿನ್ನೆ ರಾತ್ರಿ ಗಿಟಾರ್ ಹಿಡಿದೇ ಆಲ್ಬಮ್ ಹಾಕಿದೆ. ‘ಬಿಗ್ ಐಡಿಯಾಸ್’ ಹಾಡಿನ ಕೊನೆಯಲ್ಲಿ ಪಿಟೀಲುಗಳ ನಡುವೆ ಗಿಟಾರ್ ಒಂದು ಸಾಲನ್ನು ಹಾಡುತ್ತದೆ. ಹನ್ನೆರಡು ಸಲ ಕೇಳಿದಾಗಲೂ ಅದನ್ನು ಗಮನಿಸಿರಲಿಲ್ಲ ಎಂದರೆ, ನಾನು ಕಿವಿಯನ್ನು ಇನ್ನೆಲ್ಲೋ ಇಟ್ಟಿದ್ದೆ ಎಂದಾಯಿತು. ನುಡಿಸಲು ನೋಡಿದರೆ ಸ್ವರಗಳು ಕಡಿಮೆ, ಆದರೆ ಒಂದೊಂದನ್ನೂ ತಂತಿ ಎಳೆದು ಹಿಡಿದು, ಪಿಟೀಲು ಬಿಡುವವರೆಗೂ ಬಿಡದಂತೆ ನಿಲ್ಲಿಸಬೇಕು. ಹಿಂದೆ ನನ್ನ ಬಲಗೈ ಸೋಲುತ್ತಿತ್ತು. ಈ ಸಾಲಿನಲ್ಲಿ ಎಡಗೈಯ ಉಂಗುರ ಬೆರಳು ಸೋಲುತ್ತಿದೆ.

ಪಲ್ಲವಿಗಳ ಬಗ್ಗೆ ಶ್ರುತಿಪೆಟ್ಟಿಗೆ ಅವರು ಹೇಳಿದ್ದನ್ನು ನಾನೂ ಅನುಮೋದಿಸುತ್ತೇನೆ, ಮತ್ತು ಆಲ್ಬಮ್‌ನ ದ್ವಿತೀಯಾರ್ಧ ನನಗೆ ಇನ್ನೂ ಒಲಿದಿಲ್ಲ. ಈ ಒಂದು ಸಾಲು ಕೈಗೆ ಹತ್ತಿದ ಮೇಲೆ ‘ಬಾಡಿ ಪೇಂಟ್’ ಹಾಡಿನ ಕೊನೆಯನ್ನು ಕೂತು ಬಿಡಿಸಬೇಕೆಂದಿದ್ದೇನೆ. ಅಲ್ಲಿ ಎಷ್ಟು ಗಿಟಾರ್‌ಗಳಿವೆ ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.