ವಿಶೇಷ ವಿವಾಹ ಕಾಯ್ದೆ ಧರ್ಮಾತೀತವಾದರೆ, ಸಲಿಂಗ ವಿವಾಹಕ್ಕೆ ಅಡ್ಡಬಂದದ್ದು ಏನು?

ಪ್ರಶ್ನೆ:
ನಾನೂ ನನ್ನ ಪತ್ನಿಯೂ ಬೇರೆ ಬೇರೆ ಧರ್ಮದವರು. ವಿಶೇಷ ವಿವಾಹ ಕಾಯ್ದೆಯಡಿ ನಮ್ಮ ಮದುವೆಯ ನೋಟಿಸು ಉಪನೋಂದಣಿ ಕಚೇರಿಯ ಫಲಕದ ಮೇಲೆ 30 ದಿನ ತೂಗಿತು. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ ಹಾಕಿ ಮದುವೆಯಾದೆವು. ಅಲ್ಲಿ ಪುರೋಹಿತರೂ ಇರಲಿಲ್ಲ, ಖಾಜಿಯೂ ಇರಲಿಲ್ಲ. 2023ರಲ್ಲಿ ಸಲಿಂಗ ವಿವಾಹದ ಅರ್ಜಿಗಳ ವಿಚಾರಣೆ ಆರಂಭವಾದಾಗ, ಆಯಾ ಧರ್ಮದವರ ವೈಯಕ್ತಿಕ ಕಾನೂನುಗಳ ಗೊಡವೆಗೆ ಹೋಗುವುದಿಲ್ಲ, 1954ರ ಈ ಕಾಯ್ದೆಯನ್ನಷ್ಟೇ ನೋಡುತ್ತೇವೆ ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಹಾಗಿದ್ದೂ ಅರ್ಜಿದಾರರಿಗೆ ಮದುವೆಯ ಹಕ್ಕು ಏಕೆ ಸಿಗಲಿಲ್ಲ?

ಉತ್ತರ 1:
ವಕೀಲನಾಗಿ ಹೇಳುವುದಾದರೆ, ಕಾಯ್ದೆ ನೀವು ತಿಳಿದಷ್ಟು ಧರ್ಮಾತೀತವಲ್ಲ. ಇಬ್ಬರು ಹಿಂದೂಗಳು ಇದರಡಿ ಮದುವೆಯಾದರೆ, 1976ರಲ್ಲಿ ಸೇರಿಸಿದ 21ಎ ಕಲಮಿನ ಪ್ರಕಾರ ಅವರ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆಯೇ ಹಂಚಿಕೆಯಾಗುತ್ತದೆ. ಮುಂಬಾಗಿಲಲ್ಲಿ ಬಿಟ್ಟುಬಂದ ಧರ್ಮ ಹಿತ್ತಿಲಿನಿಂದ ಒಳಬಂದಂತೆ. ಇನ್ನು ಕಾಯ್ದೆಯ ಭಾಷೆಯನ್ನೇ ನೋಡಿ: ಗಂಡಿಗೆ 21, ಹೆಣ್ಣಿಗೆ 18, ಜೀವನಾಂಶ ಕೇಳುವ ಹಕ್ಕು ಹೆಂಡತಿಗೆ ಮಾತ್ರ, ಮದುವೆಯಾಗಬಾರದ ಸಂಬಂಧಿಕರ ಅನುಸೂಚಿಯಲ್ಲಿ ಗಂಡಿಗೊಂದು ಪಟ್ಟಿ, ಹೆಣ್ಣಿಗೊಂದು ಪಟ್ಟಿ, ಒಂದೊಂದರಲ್ಲೂ 37 ನಮೂದುಗಳು. ‘ಗಂಡು’, ‘ಹೆಣ್ಣು’ ಎಂಬಲ್ಲೆಲ್ಲ ‘ವ್ಯಕ್ತಿ’ ಎಂದು ಓದಿಕೊಂಡರೆ ಯಾವ ಪಟ್ಟಿ ಯಾರಿಗೆ ಅನ್ವಯಿಸುತ್ತದೆ? ಅದು ವ್ಯಾಖ್ಯಾನವಲ್ಲ, ಹೊಸ ಶಾಸನ ಬರೆದಂತೆ, ಆ ಕೆಲಸ ಸಂಸತ್ತಿನದು ಎಂದು ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಒಪ್ಪಿದರು. ಸಂವಿಧಾನದಲ್ಲಿ ಮದುವೆಯಾಗುವ ಮೂಲಭೂತ ಹಕ್ಕಿಲ್ಲ ಎಂಬುದರಲ್ಲೂ ಅವರಲ್ಲಿ ಭಿನ್ನಮತವಿರಲಿಲ್ಲ.

ಉತ್ತರ 2:
ನಾನು ನಿತ್ಯ ಸಂಧ್ಯಾವಂದನೆ ಮಾಡುವವನು. ನನ್ನ ಮಟ್ಟಿಗೆ ವಿವಾಹವೆಂಬುದು ಸಂಸ್ಕಾರ. ಸಪ್ತಪದಿಯ ಅರ್ಥವನ್ನು ನ್ಯಾಯಾಲಯವು ಬದಲಿಸುವುದನ್ನು ನಾನು ಒಪ್ಪಲಾರೆ. ಆದರೆ ಉಪನೋಂದಣಾಧಿಕಾರಿ ನನ್ನ ಪುರೋಹಿತರಲ್ಲ. ಅವರು ತಮ್ಮ ದಪ್ಪ ಪುಸ್ತಕದಲ್ಲಿ ಯಾರ ಹೆಸರು ಬರೆದರೂ ನನ್ನ ಮನೆಯ ಹೋಮಕುಂಡ ಆರುವುದಿಲ್ಲ. (ಮಂತ್ರಮಾಂಗಲ್ಯದಲ್ಲಿ ಪುರೋಹಿತರನ್ನೇ ಕೈಬಿಟ್ಟ ನಾಡು ನಮ್ಮದು, ಆಗಲೂ ಧರ್ಮ ಮುಳುಗಲಿಲ್ಲ.) ಸಂಸತ್ತು ಸಲಿಂಗ ಜೋಡಿಗಳ ಕೂಡುಬಾಳ್ವೆಯನ್ನು ಬೇರೆ ಹೆಸರಿನಿಂದ ಮಾನ್ಯ ಮಾಡಿದರೆ ನನ್ನ ಆಕ್ಷೇಪವಿಲ್ಲ, ‘ವಿವಾಹ’ ಎಂಬ ಪದವನ್ನು ಮಾತ್ರ ಬಿಟ್ಟುಕೊಡಲಾರೆ.

ಉತ್ತರ 3:
ಹಿರಿಯರು ಹೇಳಿದ ಆ ‘ಬೇರೆ ಹೆಸರಿನ’ ದಾರಿಯೂ ಅಂದು ನ್ಯಾಯಾಲಯದಲ್ಲಿ ಮುಚ್ಚಿತು. ಅಂಥ ಜೋಡಿಗಳ ಕೂಡುಬಾಳ್ವೆಗೆ ಸರ್ಕಾರ ಮಾನ್ಯತೆ ನೀಡಬೇಕೆಂದ ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಕೌಲ್ ಅವರು ಅಲ್ಪಮತದಲ್ಲಿ ಉಳಿದರು. ಭಟ್, ಕೊಹ್ಲಿ, ನರಸಿಂಹ ಅವರದು ಬಹುಮತ. 2025ರ ಜನವರಿಯಲ್ಲಿ ಪುನರ್‌ಪರಿಶೀಲನಾ ಅರ್ಜಿಗಳೂ ವಜಾ ಆದವು. ಸಿಕ್ಕಿದ್ದು ಸಣ್ಣಪುಟ್ಟದ್ದು: ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ನಾನೂ ನನ್ನ ಗೆಳೆಯನೂ ಒಂಬತ್ತು ವರ್ಷಗಳಿಂದ ಒಂದೇ ಸೂರಿನಡಿ ಇದ್ದೇವೆ. ಕಳೆದ ವರ್ಷ ಅವನಿಗೆ ಶಸ್ತ್ರಚಿಕಿತ್ಸೆಯಾದಾಗ, ‘ರೋಗಿಗೆ ಏನಾಗಬೇಕು?’ ಎಂಬ ಖಾನೆಯಲ್ಲಿ ನಾನು ‘ಸ್ನೇಹಿತ’ ಎಂದು ಬರೆದೆ. ಸಹಿಗಾಗಿ ಅವನ ಅಣ್ಣ ಊರಿನಿಂದ ಬರುವವರೆಗೆ ಕಾಯಬೇಕಾಯಿತು.

ಉತ್ತರ 1, ಮತ್ತೆ:
ಉತ್ತರ 3 ಬರೆದವರಿಗೆ ಒಂದು ಮಾತು. ನಾಮಿನಿ ಎಂದರೆ ಹಣ ಪಡೆಯುವವರೇ ಹೊರತು ವಾರಸುದಾರರಲ್ಲ. ಆದ್ದರಿಂದ ಇಬ್ಬರೂ ಪ್ರತ್ಯೇಕವಾಗಿ ಉಯಿಲು ಬರೆದಿಡಿ. ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆದರೂ ನೋಂದಾಯಿಸಿದರೆ ಮುಂದೆ ಅಣ್ಣತಮ್ಮಂದಿರು ತಕರಾರು ತೆಗೆದಾಗ ಆಧಾರವಾಗುತ್ತದೆ. ಅದೇ ಉಪನೋಂದಣಿ ಕಚೇರಿ, ಈ ಕೆಲಸಕ್ಕೆ ಮಾತ್ರ ನೋಟಿಸು ಅಂಟಿಸುವುದಿಲ್ಲ.